ತರಬೇತಿ ಆಗಿದೆ, ಔಷಧವೂ ಬಂದಿದೆ. ಮಕ್ಕಳಿಗೆ ಏಕೆ ತಲುಪುತ್ತಿಲ್ಲ?

ಪ್ರಶ್ನೆ: ಮೇಡಂ, ಮಕ್ಕಳ ಆರೋಗ್ಯ ಕಾರ್ಯಕ್ರಮವೊಂದರ ಮೇಲ್ವಿಚಾರಕನಾಗಿ ಇತ್ತೀಚೆಗೆ ಸೇರಿದ್ದೇನೆ. ನ್ಯುಮೋನಿಯಾ ಮತ್ತು ಭೇದಿಯ ಚಿಕಿತ್ಸೆಯ ಬಗ್ಗೆ ನಮ್ಮ ಕಾರ್ಯಕರ್ತೆಯರಿಗೆಲ್ಲ ತರಬೇತಿ ಆಗಿದೆ. ಕೊನೆಯ ಪರೀಕ್ಷೆಯಲ್ಲಿ ಎಲ್ಲರೂ ಚೆನ್ನಾಗಿಯೇ ಉತ್ತರಿಸಿದರು. ಆದರೆ ಕೇಂದ್ರಗಳಿಗೆ ಹೋಗಿ ನೋಡಿದರೆ ಮಗುವಿನ ಉಸಿರು ಎಣಿಸುವವರೇ ಅಪರೂಪ. ಸಾಮಾನ್ಯ ಭೇದಿಗೂ ಆ್ಯಂಟಿಬಯೋಟಿಕ್ ಕೊಟ್ಟು ಕಳುಹಿಸುತ್ತಾರೆ. ಇನ್ನೊಂದು ಸುತ್ತು ತರಬೇತಿ ಕೊಡಿಸಲೇ?

ಉತ್ತರ (ಸಮುದಾಯ ಆರೋಗ್ಯ ವೈದ್ಯೆ): ಈಗಲೇ ಬೇಡ. ಸರಿಯಾಗಿ ಉತ್ತರಿಸಿದವರಿಗೆ ಅದೇ ಪಾಠವನ್ನು ಮತ್ತೆ ಹೇಳಿ ಏನು ಪ್ರಯೋಜನ? ಅವರು ತರಬೇತಿಯಲ್ಲಿ ಕುಳಿತಷ್ಟು ದಿನ ಕೇಂದ್ರದಲ್ಲಿ ಮಕ್ಕಳನ್ನು ನೋಡುವವರೂ ಇರುವುದಿಲ್ಲ. ಅದರ ಬದಲು ಒಂದು ದಿನ ಬೆಳಗಿನಿಂದ ಕೊನೆಯ ಮಗು ಹೋಗುವವರೆಗೆ ಕಾರ್ಯಕರ್ತೆಯ ಪಕ್ಕದಲ್ಲಿ ಕುಳಿತುಕೊಳ್ಳಿ. ಮಗುವಿಗೆ ಅಪಾಯವಿದ್ದರೆ ಹೊರತು ನಡುವೆ ತಿದ್ದಲು ಹೋಗಬೇಡಿ. ಆಕೆಯ ಸಮಯ ಎಲ್ಲೆಲ್ಲಿ ಹೋಗುತ್ತದೆ ಎಂದು ಬರೆದುಕೊಳ್ಳಿ.

ಕೆಮ್ಮಿರುವ ಮಗುವಿನ ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು. 2 ತಿಂಗಳಿಂದ 1 ವರ್ಷದೊಳಗಿನ ಮಗುವಿನಲ್ಲಿ ನಿಮಿಷಕ್ಕೆ 50 ಅಥವಾ ಹೆಚ್ಚು, 1ರಿಂದ 5 ವರ್ಷದೊಳಗಿನ ಮಗುವಿನಲ್ಲಿ 40 ಅಥವಾ ಹೆಚ್ಚು ಬಂದರೆ ಅದು ವೇಗದ ಉಸಿರಾಟ, ನ್ಯುಮೋನಿಯಾದ ಸೂಚನೆ. ಮಗು ಅತ್ತರೆ ಸಮಾಧಾನವಾಗುವವರೆಗೆ ಕಾದು ಮೊದಲಿನಿಂದ ಎಣಿಸಬೇಕು. ಎದೆಗೂಡಿನ ಕೆಳಭಾಗ ಒಳಗೆ ಸೆಳೆಯುತ್ತಿದೆಯೇ, ಮಗು ಕುಡಿಯುತ್ತದೆಯೇ, ಸೆಳವು ಬಂದಿತ್ತೇ ಎಂದು ನೋಡಿ, ಕೇಳಿ, ತೋಳಿನ ಸುತ್ತಳತೆ ಅಳೆದು, ಲಸಿಕೆ ಕಾರ್ಡ್ ತಿರುವಿಹಾಕಿ, ಔಷಧ ಕೊಡುವ ರೀತಿಯನ್ನು ತಾಯಿಗೆ ತಿಳಿಸುವಷ್ಟರಲ್ಲಿ ಕಾಲು ಗಂಟೆ ಸುಲಭವಾಗಿ ಕಳೆಯುತ್ತದೆ. ಹೊರಗೆ ಮೂವತ್ತು ತಾಯಂದಿರು ಕಾಯುತ್ತಿದ್ದರೆ ಲೆಕ್ಕ ನೀವೇ ಹಾಕಿ. ಇದರ ಜೊತೆಗೆ ಲಸಿಕೆಗೊಂದು, ಪೌಷ್ಟಿಕತೆಗೊಂದು, ಮಲೇರಿಯಾಕ್ಕೊಂದು ರಿಜಿಸ್ಟರ್. ಪ್ರತಿಯೊಂದು ಕಾರ್ಯಕ್ರಮವೂ ತನ್ನ ಔಷಧದ ಖರ್ಚನ್ನು ಪೈಸೆ ಪೈಸೆಯಾಗಿ ಲೆಕ್ಕ ಹಾಕುತ್ತದೆ. ಆಕೆಯ ಗಂಟೆಗಳನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇಂಥವರನ್ನು ಸೋಮಾರಿಗಳು ಎನ್ನುವ ಮಾತು ಕಿವಿಗೆ ಬಿದ್ದಾಗ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ಭೇದಿಯ ವಿಷಯದಲ್ಲಿ ದಾಸ್ತಾನು ಪುಸ್ತಕವನ್ನೂ ತೆರೆದು ನೋಡಿ. ಓಆರ್‌ಎಸ್ ಜೊತೆ ಜಿಂಕ್ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2004ರಲ್ಲೇ ಹೇಳಿವೆ: 6 ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ, ಅದಕ್ಕಿಂತ ಚಿಕ್ಕ ಮಗುವಿಗೆ 10 ಮಿಲಿಗ್ರಾಂ, 10ರಿಂದ 14 ದಿನ. ಮೇಲಿನಿಂದ ಎಲ್ಲ ಕೇಂದ್ರಗಳಿಗೂ ಒಂದೇ ಅಳತೆಯಲ್ಲಿ ಹಂಚಿದರೆ ಜನ ಹೆಚ್ಚು ಬರುವ ಕೇಂದ್ರದಲ್ಲಿ ಜಿಂಕ್ ಬೇಗ ಮುಗಿಯುತ್ತದೆ, ಬೇರೆಡೆ ಅವಧಿ ಮೀರಿ ಹಾಳಾಗುತ್ತದೆ. ಕಪಾಟಿನಲ್ಲಿ ಉಳಿದಿರುವುದು ಆ್ಯಂಟಿಬಯೋಟಿಕ್ ಮಾತ್ರ ಎಂದಾದರೆ, ದೂರದಿಂದ ನಡೆದು ಬಂದ ತಾಯಿಯನ್ನು ಬರಿಗೈಯಲ್ಲಿ ಕಳುಹಿಸಲು ಆಕೆಗೆ ಮನಸ್ಸು ಬರುವುದಿಲ್ಲ. ಆ ಚಿಕಿತ್ಸೆ ತಪ್ಪೇ. ಆದರೆ ತಿದ್ದಬೇಕಾದದ್ದು ಸರಬರಾಜನ್ನು.

ತರಬೇತಿಯಿಂದ ಏನೂ ಆಗದು ಎಂದು ನಾನು ಹೇಳುತ್ತಿಲ್ಲ. 1990ರ ದಶಕದಲ್ಲಿ ರೂಪುಗೊಂಡ ಸಮಗ್ರ ಶಿಶುರೋಗ ನಿರ್ವಹಣೆಯ ಕ್ರಮವನ್ನು, ಅಂದರೆ ಮಗುವಿನ ಒಂದೇ ಕಾಯಿಲೆಯನ್ನಷ್ಟೇ ನೋಡದೆ ಎಲ್ಲವನ್ನೂ ಒಟ್ಟಿಗೆ ಪರೀಕ್ಷಿಸಿ ಚಿಕಿತ್ಸೆ ಕೊಡುವ ವಿಧಾನವನ್ನು, ಹಲವು ದೇಶಗಳಲ್ಲಿ ಪರಿಶೀಲಿಸಿದಾಗ, ಟಾಂಜಾನಿಯದ ಗ್ರಾಮೀಣ ಜಿಲ್ಲೆಗಳಲ್ಲಿ ಚಿಕಿತ್ಸೆಯ ಗುಣಮಟ್ಟ ಸ್ಪಷ್ಟವಾಗಿ ಸುಧಾರಿಸಿತ್ತು. ಅಲ್ಲಿ ಜಿಲ್ಲಾ ಆಡಳಿತದ ಯೋಜನೆ ಮತ್ತು ನಿರ್ವಹಣೆಯನ್ನೂ ಜೊತೆಜೊತೆಗೆ ಬಲಪಡಿಸಲಾಗಿತ್ತು. ಆ ಆಸರೆ ಇಲ್ಲದೆಡೆ ಕಲಿತವರು ವರ್ಗವಾಗಿ ಹೋದರೆ ಕಲಿಕೆಯೂ ಅವರೊಂದಿಗೇ ಹೋಗುತ್ತದೆ.

ಇನ್ನೊಬ್ಬ ಸದಸ್ಯೆಯ ಪ್ರಶ್ನೆ: ನಾನು ಲಸಿಕೆ ಹಾಕುವವಳು, ಮೇಡಂ. ದಡಾರ ಲಸಿಕೆ 10 ಡೋಸ್‌ಗಳ ಬಾಟಲಿಯಲ್ಲಿ ಬರುತ್ತದೆ. ಕೆಲವು ದಿನ ಒಂದೇ ಮಗು ಬರುತ್ತದೆ. ತೆರೆದರೆ ವ್ಯರ್ಥವಾಯಿತೆಂದು ಬೈಸಿಕೊಳ್ಳಬೇಕು, ಆದ್ದರಿಂದ ಮುಂದಿನ ವಾರ ಬನ್ನಿ ಎನ್ನುತ್ತೇವೆ.

ಉತ್ತರ: ತೆರೆಯಮ್ಮಾ, ಒಂದೇ ಮಗು ಬಂದರೂ ತೆರೆ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯೂ ಇದೇ. ಹಿಂದಕ್ಕೆ ಕಳುಹಿಸಿದ ಮಗು ಮುಂದಿನ ವಾರ ಬಂದೇ ಬರುತ್ತದೆಂದು ಹೇಳುವವರಾರು? ಆ ತಾಯಿಯ ಒಂದು ದಿನದ ಕೂಲಿ ಆಗಲೇ ಹೋಗಿರುತ್ತದೆ. ಆದರೆ ಉಳಿದದ್ದನ್ನು ನಾಳೆಗೆಂದು ಇಡಲೇಬಾರದು. ಪುಡಿಗೆ ದ್ರಾವಣ ಬೆರೆಸಿದ 6 ಗಂಟೆಯೊಳಗೆ, ಅಥವಾ ಅದಕ್ಕಿಂತ ಮೊದಲೇ ಅಂದಿನ ಲಸಿಕೆ ಕೆಲಸ ಮುಗಿದರೆ ಆಗಲೇ, ಬಾಟಲಿಯನ್ನು ವಿಲೇವಾರಿ ಮಾಡಬೇಕು. ಈ ಲಸಿಕೆಯಲ್ಲಿ ಸೂಕ್ಷ್ಮಾಣು ತಡೆಯುವ ಸಂರಕ್ಷಕವಿಲ್ಲ. ಹೊತ್ತು ಮೀರಿದ ಬಾಟಲಿ ಕಲುಷಿತಗೊಂಡು ಮಕ್ಕಳ ಜೀವ ಹೋದ ಪ್ರಕರಣಗಳಿವೆ. ವ್ಯರ್ಥವಾಗುವ ಡೋಸ್‌ಗಳನ್ನು ಬೇಡಿಕೆಯಲ್ಲೇ ಸೇರಿಸಿ ತರಿಸಬೇಕಾದದ್ದು ಮೇಲಿನವರ ಹೊಣೆ. ನಿನ್ನನ್ನು ಬೈಯುವವರಿಗೆ ಈ ಉತ್ತರವನ್ನೇ ತೋರಿಸು.

ಮೊದಲಿನ ಪ್ರಶ್ನೆ ಕೇಳಿದವರು: ನಮ್ಮ ವರದಿಯಲ್ಲಿ ಲಸಿಕೆ ಪ್ರಮಾಣ ಶೇಕಡ 100 ದಾಟಿದೆ, ಆದರೂ ದಡಾರ ಕಾಣಿಸಿಕೊಂಡಿದೆ. ರಿಜಿಸ್ಟರ್ ಕಡಿಮೆ ಮಾಡುವ ಅಧಿಕಾರವೂ ನನಗಿಲ್ಲ. ನನ್ನ ಕೈಯಲ್ಲಿ ಏನಿದೆ ಮೇಡಂ?

ಉತ್ತರ: ಶೇಕಡ 100 ದಾಟಿತೆಂದರೆ ಒಟ್ಟು ಮಕ್ಕಳ ಅಂದಾಜು ಹಳೆಯದು, ಇಲ್ಲವೇ ಹೊರಗಿನ ಮಕ್ಕಳೂ ಲೆಕ್ಕಕ್ಕೆ ಸೇರಿದ್ದಾರೆ, ಇಲ್ಲವೇ ಬರೆಯುವುದರಲ್ಲೇ ತಪ್ಪಿದೆ. ಒಂದೂ ಲಸಿಕೆ ಕಾಣದ ಮಕ್ಕಳು ಆ ಸಂಖ್ಯೆಯಲ್ಲಿ ಮರೆಯಾಗುತ್ತಾರೆ. ಕೆಲಸ ಹುಡುಕಿಕೊಂಡು ಬಂದು ತಾತ್ಕಾಲಿಕವಾಗಿ ನೆಲೆಸಿದವರ ಕಡೆಗೆ ಮೊದಲು ಹೋಗಿ, ಮನೆ ಮನೆಯಲ್ಲಿ ಕಾರ್ಡ್ ನೋಡಿ.

ನಿಮ್ಮ ಕೈಯಲ್ಲಿರುವುದು ನಿಮ್ಮ ಭೇಟಿ. ರಿಜಿಸ್ಟರ್‌ಗೆ ಸಹಿ ಹಾಕುವುದು ಕೊನೆಗಿರಲಿ. ಕಾಯಿಲೆಯ ಇಬ್ಬರು ಮಕ್ಕಳನ್ನಾದರೂ ಆಕೆ ಪರೀಕ್ಷಿಸುವುದನ್ನು ನೋಡಿ, ಆಮೇಲೆ ಇಬ್ಬರೇ ಕುಳಿತು ಮಾತನಾಡಿ. ತೂಕ ನೋಡಿ ಬರೆಯುವ ಕೆಲಸವನ್ನು ಸಹಾಯಕಿಗೆ ಒಪ್ಪಿಸಿ. ಏದುಸಿರು ಬಿಡುವ, ಕುಡಿಯಲಾಗದ, ಮಂಕಾದ ಮಗುವನ್ನು ಸಾಲಿನಿಂದ ನೇರ ಒಳಗೆ ಕರೆಯುವ ಏರ್ಪಾಡು ನಾಳೆಯೇ ಆಗಲಿ, ಅದಕ್ಕೆ ಯಾರ ಅನುಮತಿಯೂ ಬೇಡ. ಜಿಂಕ್ ಎಷ್ಟು ದಿನ ಇರಲಿಲ್ಲ ಎಂಬುದನ್ನು ಪ್ರತಿ ತಿಂಗಳ ವರದಿಯ ಮೊದಲ ಸಾಲಿನಲ್ಲೇ ಬರೆದು ಮೇಲಕ್ಕೆ ಕಳುಹಿಸಿ. ಕಾರ್ಯಕರ್ತೆಯ ಒಂದು ದಿನದ ಸಮಯದ ಲೆಕ್ಕವನ್ನೂ ಅದಕ್ಕೆ ಲಗತ್ತಿಸಿ.