ಮೈನಸ್ 25ರಲ್ಲಿ ಹೀಟ್ ಪಂಪ್ ಮನೆ ಬೆಚ್ಚಗಿಡುತ್ತಾ?

ಮಲೆನಾಡಿಂದ ಮಿನ್ನೆಸೋಟ: ಮಿನಿಯಾಪೊಲಿಸ್‌ನಲ್ಲಿ ನಮ್ಮದು ಹಳೇ ಮನೆ. ಗ್ಯಾಸ್ ಫರ್ನೇಸ್ ಕೈಕೊಡುವ ಹಂತದಲ್ಲಿದೆ. ನೋಡಲು ಬಂದ ಮೆಕ್ಯಾನಿಕ್, ಹೊರಗಿನ ಗಾಳಿಯ ಶಾಖ ಎಳೆದು ಮನೆಯೊಳಗೆ ತರುವ ಹೀಟ್ ಪಂಪ್ ಹಾಕಿಸಿ ಎಂದ. ಹೊರಗೆ ಮೈನಸ್ 25 ಇರುವಾಗ ಆ ಗಾಳಿಯಲ್ಲಿ ಶಾಖ ಎಲ್ಲಿಂದ ಬರಬೇಕು? ಅದರ ಮೇಲೆ 300 ಪರ್ಸೆಂಟ್ ದಕ್ಷತೆ ಬೇರೆ ಅಂತೆ. ಹಾಕಿಸಿಕೊಂಡವರು ಯಾರಾದರೂ ಹೇಳಿ.

ಓಸ್ಲೋವಾಸಿ: ಶಾಖ ಇದ್ದೇ ಇದೆ. ಅದು ಪೂರ್ತಿ ಇಲ್ಲವಾಗುವುದು ಮೈನಸ್ 273ರಲ್ಲಿ. ಪೈಪಿನೊಳಗೆ ಶಾಖ ಹೊತ್ತು ತಿರುಗುವ ಆರ್-32 ಎಂಬ ರಾಸಾಯನಿಕ ಮಾಮೂಲಿ ಒತ್ತಡದಲ್ಲಿ ಮೈನಸ್ 52ಕ್ಕೇ ಕುದಿಯುತ್ತದೆ. ಅದರ ಲೆಕ್ಕಕ್ಕೆ ಮೈನಸ್ 25ರ ಗಾಳಿಯೂ ಬಿಸಿಯೇ. ಆ ಶಾಖ ಹೀರಿ ಆವಿಯಾಗುತ್ತದೆ, ಕಂಪ್ರೆಸರ್ ಅದನ್ನು ಒತ್ತಿ ಇನ್ನಷ್ಟು ಬಿಸಿ ಮಾಡುತ್ತದೆ, ಒಳಗೆ ಬಂದು ಶಾಖ ಬಿಟ್ಟು ಮತ್ತೆ ದ್ರವವಾಗುತ್ತದೆ. ನಿಮ್ಮ ಫ್ರಿಜ್ಜಿನ ಹಿಂದೆ ಕೈ ಇಟ್ಟು ನೋಡಿ, ಅಲ್ಲೂ ಇದೇ ಕೆಲಸ. ನಾರ್ವೆಯಲ್ಲಿ 100 ಮನೆಗೆ ಸುಮಾರು 60 ಹೀಟ್ ಪಂಪ್ ಇವೆ. ಚಳಿ ದೇಶದಲ್ಲಿ ಆಗಲ್ಲ ಅನ್ನುವ ಮಾತೇ ಇಲ್ಲ.

ಗ್ಯಾಸೇ ಗಟ್ಟಿ: "ಚಳಿ ದೇಶ" ಅಂದಿರಲ್ಲ, ಅಲ್ಲೇ ಇರುವುದು ತೊಂದರೆ. ಓಸ್ಲೋದಲ್ಲಿ ಜನವರಿ ಸರಾಸರಿ ಮೈನಸ್ 3ರ ಆಸುಪಾಸು. ಮಿನಿಯಾಪೊಲಿಸ್‌ನಲ್ಲಿ ಮೈನಸ್ 9. ಅಟ್ಲಾಂಟಿಕ್‌ನ ಬೆಚ್ಚನೆ ನೀರು ನಾರ್ವೆ ಕರಾವಳಿಯನ್ನು ಕಾಯುತ್ತದೆ. ಬರ್ಗೆನ್‌ನಲ್ಲಿ ಚಳಿಗಾಲ ಅಂದರೆ ಮಳೆಗಾಲ. ಆ ಲೆಕ್ಕ ಮಿನ್ನೆಸೋಟದವರಿಗೆ ಹೇಳಬೇಡಿ.

ಓಸ್ಲೋವಾಸಿ: ಮಳೆಗಾಲವಾ? ಉತ್ತರ ನಾರ್ವೆಯ ಕರಾಶೋಕ್‌ನಲ್ಲಿ 1886ರಲ್ಲಿ ಮೈನಸ್ 51.4 ದಾಖಲಾಗಿದೆ. ನಾರ್ವೆ ಅಂದರೆ ಬರ್ಗೆನ್ ಒಂದೇ ಅಲ್ಲ.

ಗ್ಯಾಸೇ ಗಟ್ಟಿ: 1886ರ ಒಂದು ದಿನದ ದಾಖಲೆ ಇಟ್ಟುಕೊಂಡು ವಾದ ಮಾಡ್ತೀರಾ? ಕರಾಶೋಕ್ ಸಣ್ಣ ಊರು. ನಾರ್ವೆಯ ಬಹುಪಾಲು ಜನ ಇರುವುದು ಓಸ್ಲೋ ಸುತ್ತಮುತ್ತ, ಇಲ್ಲವೇ ಕರಾವಳಿಯಲ್ಲಿ. ನೀವು ಹೇಳಿದ 60ರಲ್ಲಿ ಹೆಚ್ಚಿನವೂ ಅಲ್ಲೇ ಇರುತ್ತವೆ.

ಔಲು ಅಕ್ಕ: ನಾರ್ವೆ ಬಿಡಿ, ಫಿನ್‌ಲ್ಯಾಂಡ್‌ಗೆ ಬನ್ನಿ. ನಮ್ಮೂರು ಔಲುವಿನ ಚಳಿ ಮಿನಿಯಾಪೊಲಿಸ್‌ಗೆ ಹೆಚ್ಚುಕಡಿಮೆ ಸಮ. ದೇಶದಲ್ಲಿರುವುದು ಸುಮಾರು 56 ಲಕ್ಷ ಜನ, ಹೀಟ್ ಪಂಪ್‌ಗಳು 10 ಲಕ್ಷಕ್ಕೂ ಜಾಸ್ತಿ. ನಮ್ಮ ಮನೆಯಲ್ಲೂ ಇದೆ. ಕಷ್ಟ ಕೊಡುವುದು ಮೈನಸ್ 20 ಅಲ್ಲ ರೀ, ಸೊನ್ನೆಯ ಆಸುಪಾಸಿನ ಒದ್ದೆ ಗಾಳಿ. ಹೊರಗಿನ ಯೂನಿಟ್‌ನ ರೆಕ್ಕೆಗಳ ಮೇಲೆ ಬೆಳ್ಳಗೆ ಹಿಮ ಕೂರುತ್ತದೆ. ಫ್ಯಾನ್ ನಿಲ್ಲುತ್ತದೆ, ಬುಸ್ ಅಂತ ಶಬ್ದ ಬರುತ್ತದೆ, ಯಂತ್ರ ಉಲ್ಟಾ ತಿರುಗಿ ಆ ಹಿಮ ಕರಗಿಸುತ್ತದೆ. ಹಬೆ ಏಳುತ್ತದೆ, ಕೆಳಗೆ ನೀರು ತೊಟ್ಟಿಕ್ಕುತ್ತದೆ. ಆ ನೀರು ಹರಿದುಹೋಗಲು ದಾರಿ ಇಲ್ಲದಿದ್ದರೆ ಬುಡದಲ್ಲಿ ಗಡ್ಡೆ ಕಟ್ಟಿ ಫ್ಯಾನಿಗೇ ತಾಗುತ್ತದೆ. ಅಷ್ಟನ್ನು ನೋಡಿಕೊಂಡರೆ ಸಾಕು. ತೀರಾ ಚಳಿಯ ದಿನ ಪಕ್ಕದಲ್ಲಿ ಸೌದೆ ಒಲೆ ಹಚ್ಚುತ್ತೇವೆ.

ಗ್ಯಾಸೇ ಗಟ್ಟಿ: "ಸೌದೆ ಒಲೆ ಹಚ್ಚುತ್ತೇವೆ." ಎಲ್ಲರೂ ಈ ಸಾಲು ಓದಿ. ಫಿನ್‌ಲ್ಯಾಂಡ್‌ನಲ್ಲಿ ಹೆಚ್ಚಿನವು ಗಾಳಿಯಿಂದ ಗಾಳಿಗೆ ಶಾಖ ಸಾಗಿಸುವ ಪಂಪ್‌ಗಳು. ಅವುಗಳ ಜೊತೆಗೆ ಒಲೆಯೋ ವಿದ್ಯುತ್ ಹೀಟರೋ ಇದ್ದೇ ಇರುತ್ತದೆ.

ಔಲು ಅಕ್ಕ: ನಾನು ಇಷ್ಟುದ್ದ ಬರೆದದ್ದರಲ್ಲಿ ನಿಮಗೆ ಕಂಡದ್ದು ಒಲೆ ಮಾತ್ರವಾ? ಚಳಿಗಾಲದ ಉಳಿದ ದಿನಗಳಲ್ಲಿ ಮನೆ ಕಾಯಿಸಿದ್ದು ಯಾವುದು ಮತ್ತೆ?

ಮೇನ್ ಮಾವ: ಅಮೆರಿಕದ್ದೇ ಉದಾಹರಣೆ ಬೇಕಾ? ಮೇನ್ ರಾಜ್ಯ 2025ರೊಳಗೆ 1 ಲಕ್ಷ ಹೀಟ್ ಪಂಪ್ ಹಾಕಿಸುವ ಗುರಿ ಇಟ್ಟುಕೊಂಡಿತ್ತು. 2023ರಲ್ಲೇ ಮುಟ್ಟಿತು. ಇಲ್ಲಿ ಸಮುದ್ರ ಇದೆ ನಿಜ, ಆದರೆ ಒಳನಾಡಿನ ಕ್ಯಾರಿಬೂಗೆ ಬಂದು ನೋಡಿ.

ಗ್ಯಾಸೇ ಗಟ್ಟಿ: ಮೇನ್‌ನಲ್ಲಿ ಬಹಳ ಮನೆಗಳು ಉರಿಸುತ್ತಿದ್ದದ್ದು ದುಬಾರಿ ಎಣ್ಣೆ. ಎಣ್ಣೆ ಬಿಟ್ಟು ಬಂದವರಿಗೆ ಲಾಭ ಆಗುತ್ತದೆ. ಮಿನ್ನೆಸೋಟದಲ್ಲಿ ಗ್ಯಾಸ್ ಅಗ್ಗ. ಒಂದು ಯೂನಿಟ್ ಶಾಖಕ್ಕೆ ಲೆಕ್ಕ ಹಾಕಿದರೆ ಕರೆಂಟ್ ಬೆಲೆ ಗ್ಯಾಸಿನ ಸುಮಾರು ನಾಲ್ಕು ಪಟ್ಟು. ಹೀಟ್ ಪಂಪ್ ಮೈನಸ್ 15ರಲ್ಲಿ ಒಂದು ಯೂನಿಟ್ ಕರೆಂಟಿಗೆ ಕೊಡುವುದು ಸುಮಾರು ಎರಡು ಯೂನಿಟ್ ಶಾಖ. ನಾಲ್ಕನ್ನು ಎರಡರಿಂದ ಭಾಗಿಸಿ ನೋಡಿ, ಬಿಲ್ ದುಪ್ಪಟ್ಟು.

ಓಸ್ಲೋವಾಸಿ: ಮೈನಸ್ 15ರಲ್ಲೂ ಒಂದಕ್ಕೆ ಎರಡು ಕೊಡುತ್ತದೆ ಅಂತ ಈಗ ನೀವೇ ಬರೆದಿರಿ. ಚಳಿಯಲ್ಲಿ ನಡೆಯುತ್ತೆ ಅಂತಾಯ್ತಲ್ವಾ?

ಗ್ಯಾಸೇ ಗಟ್ಟಿ: ನಡೆಯಲ್ಲ ಅಂತ ನಾನು ಎಲ್ಲಿ ಬರೆದಿದ್ದೇನೆ? ತೋರಿಸಿ. ನಾರ್ವೆಯನ್ನು ಮಿನ್ನೆಸೋಟಕ್ಕೆ ಹೋಲಿಸಬೇಡಿ ಅಂದೆ ಅಷ್ಟೇ.

ಮಲೆನಾಡಿಂದ ಮಿನ್ನೆಸೋಟ: ನನ್ನ 300 ಪರ್ಸೆಂಟ್ ಪ್ರಶ್ನೆ ಹಾಗೇ ಉಳಿಯಿತು.

ಟೊರೊಂಟೊ ಟೆಕ್ನಿಷಿಯನ್: ನಾನು ದಿನಾ ಹಾಕುವುದು ಇವನ್ನೇ. ಕರೆಂಟು ಶಾಖವಾಗಿ ಬದಲಾಗುವುದು ಒಂದು ಪಾಲು ಮಾತ್ರ, ಉಳಿದದ್ದನ್ನು ಹೊರಗಿನಿಂದ ಸಾಗಿಸಿ ತರುತ್ತದೆ. ಅದಕ್ಕೇ ಒಂದಕ್ಕೆ ಮೂರು. ಚಳಿ ಏರಿದಂತೆ ಆ ಮೂರು ಎರಡಾಗುತ್ತದೆ, ಇನ್ನೂ ಇಳಿಯುತ್ತದೆ. ಇನ್ನೊಂದು ವಿಷಯ. ಮಾಮೂಲಿ ಪಂಪ್‌ನ ಒಟ್ಟು ಶಕ್ತಿಯೂ ಚಳಿಯಲ್ಲಿ ಕುಸಿಯುತ್ತದೆ, ಮನೆಗೆ ಶಾಖ ಬೇಕಾಗುವುದೂ ಆಗಲೇ. ಮಿತ್ಸುಬಿಷಿಯ ಹೈಪರ್ ಹೀಟ್ ತರಹದವು ಮೈನಸ್ 15ರವರೆಗೆ ಪೂರ್ತಿ ಶಕ್ತಿ ಕೊಡುತ್ತವೆ. ಮೊದಲು ನಿಮ್ಮ ಮನೆಯಿಂದ ಎಷ್ಟು ಶಾಖ ಸೋರುತ್ತದೆ ಅಂತ ಲೆಕ್ಕ ಮಾಡಿಸಿ. ಅಟ್ಟಕ್ಕೆ ಇನ್ಸುಲೇಷನ್ ತುಂಬಿಸಿ. ಹೊರಗಿನ ಯೂನಿಟ್ಟನ್ನು ಹಿಮ ಮುಚ್ಚದಷ್ಟು ಎತ್ತರದ ಸ್ಟ್ಯಾಂಡ್ ಮೇಲೆ ಕೂರಿಸಿ. ಗ್ಯಾಸ್ ಲೈನ್ ಇದ್ದರೆ ಬ್ಯಾಕಪ್‌ಗೆ ಇರಲಿ.

ಗ್ಯಾಸೇ ಗಟ್ಟಿ: "ಗ್ಯಾಸ್ ಬ್ಯಾಕಪ್‌ಗೆ ಇರಲಿ." ಹಾಕುವವರೇ ಹೇಳುತ್ತಿದ್ದಾರೆ.

ಟೊರೊಂಟೊ ಟೆಕ್ನಿಷಿಯನ್: ಅಟ್ಟದ ಮಾತು ಬಿಟ್ಟು ಅದೊಂದನ್ನೇ ಹಿಡಿದಿರಿ. ಅಟ್ಟ ಸೋರುತ್ತಿದ್ದರೆ ಗ್ಯಾಸ್ ಬಿಲ್ಲೂ ನೀವೇ ಕಟ್ಟಬೇಕು ಸ್ವಾಮಿ.

ಮಲೆನಾಡಿಂದ ಮಿನ್ನೆಸೋಟ: ಅಟ್ಟ ನೋಡಲು ಒಬ್ಬರನ್ನು ಕರೆಸುತ್ತೇನೆ. ಮೈನಸ್ 10ರ ಕೆಳಗೆ ತಾನಾಗಿ ಗ್ಯಾಸಿಗೆ ತಿರುಗುವ ಥರ್ಮೋಸ್ಟಾಟ್ ಯಾರ ಮನೆಯಲ್ಲಾದರೂ ಇದೆಯಾ? ಯಾವ ಡಿಗ್ರಿಗೆ ಇಟ್ಟಿದ್ದೀರಿ?

ಓಸ್ಲೋವಾಸಿ: ನಾರ್ವೆಯ ರೋರೋಸ್ ಒಳನಾಡಿನ ಊರು, ಗ್ಯಾಸೇ ಗಟ್ಟಿಯವರೇ. ಅಲ್ಲಿಗೆ ಯಾವ ಸಮುದ್ರದ ಬಿಸಿಯೂ ಬರುವುದಿಲ್ಲ. ಅದಕ್ಕೇನಂತೀರಿ?