ಗವಂತಿಯಲ್ಲಿ ಮುಕ್ಕೋನ ಸರಿ ಬರುತ್ತದೆ, ಚೌಕ ಮಾತ್ರ ಉಲ್ಟಾ ಬದಿಯಲ್ಲಿ ಕೆಡುತ್ತದೆ. ಯಾಕೆ?

ಹೊಸಸೂಜಿ:
ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನವಳು. ಕಸೂತಿ ಕಲಿಯಲು ಶುರು ಮಾಡಿ ನಾಲ್ಕು ತಿಂಗಳಾಯಿತು. ಮಗನನ್ನು ಸ್ಕೂಲ್ ವ್ಯಾನ್ ಹತ್ತಿಸಿದ ಮೇಲೆ, ಮಧ್ಯಾಹ್ನದ ಅಡುಗೆಗೆ ಏಳುವ ಮುಂಚೆ, ಕಿಟಕಿ ಪಕ್ಕ ಒಂದು ಗಂಟೆ ಸಿಗುತ್ತದೆ. ನನ್ನ ಹೊಲಿಗೆಯೆಲ್ಲ ಆ ಒಂದು ಗಂಟೆಯಲ್ಲೇ.

ಹುಬ್ಬಳ್ಳಿಗೆ ಮದುವೆ ಮಾಡಿಕೊಟ್ಟ ತಂಗಿಗೆ ಮಗು ಆಗಿದೆ. ಅದಕ್ಕೆ ಕುಂಚಿಗೆ ಮಾಡಿ ಕಳಿಸಬೇಕು. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಮಗುವಿನ ತಲೆಗೆ ಟೋಪಿಯ ಹಾಗೆ ಕೂತು ಬೆನ್ನ ಮೇಲೆ ಇಳಿಬೀಳುತ್ತದಲ್ಲ, ಅದು. ಕರಿ ಕೈಮಗ್ಗದ ಹತ್ತಿ ಬಟ್ಟೆ ತಂದಿದ್ದೇನೆ. ಬೆನ್ನ ಮೇಲೆ ತುಳಸಿ ಕಟ್ಟೆ, ಎರಡೂ ಪಕ್ಕ ಗೋಪುರ, ಅಂಚಿನಲ್ಲಿ ಚಿಕ್ಕ ಚೌಕಗಳ ಸಾಲು. ಬಿಳಿ, ಕೆಂಪು, ಹಳದಿ ದಾರ. ಅದಕ್ಕೂ ಮೊದಲು ಎಳೆ ಎಣಿಸಲು ಸುಲಭವಾದ ಬಿಳಿ ಮ್ಯಾಟಿ ಬಟ್ಟೆಯ ಮೇಲೆ ಪ್ರಾಕ್ಟೀಸ್ ಮಾಡುತ್ತಿದ್ದೇನೆ.

ಸಮಸ್ಯೆ ಏನೆಂದರೆ, ಗವಂತಿಯಲ್ಲಿ (ಒಂದು ಬಿಟ್ಟು ಒಂದು ಹೊಲಿಗೆ ಹಾಕುತ್ತಾ ಹೋಗಿ, ಬಿಟ್ಟ ಜಾಗವನ್ನು ಎರಡನೇ ಸಲ ತುಂಬುವ ಕಸೂತಿ ಹೊಲಿಗೆ) ಮುಕ್ಕೋನ ಹಾಕಿದರೆ ಎರಡೂ ಬದಿ ಒಂದೇ ಥರ ಬರುತ್ತದೆ. ಚೌಕ ಹಾಕಿದರೆ ಬರುವುದಿಲ್ಲ. ಮೊದಲ ಸುತ್ತು ಒಂದು ಹೊಲಿಗೆ ಮೇಲೆ, ಒಂದು ಹೊಲಿಗೆ ಕೆಳಗೆ ಹಾಕಿಕೊಂಡು ಹೋಗುತ್ತೇನೆ. ಎರಡನೇ ಸುತ್ತಿಗೆ ಸೂಜಿ ಇಳಿಸಿದರೆ ಆಗಲೇ ಇರುವ ಹೊಲಿಗೆಯ ಮೇಲೇ ಮತ್ತೆ ಹೊಲಿಗೆ ಬೀಳುತ್ತದೆ. ಖಾಲಿ ಇದ್ದ ಬದಿ ಖಾಲಿಯಾಗೇ ಉಳಿಯುತ್ತದೆ. ಅದನ್ನು ತುಂಬಿಸಲು ಹಿಂದಿನಿಂದ ದಾರವನ್ನು ಅಡ್ಡ ಎಳೆದೆ. ಈಗ ಉಲ್ಟಾ ಬದಿಯಲ್ಲಿ ಪ್ರತಿ ಚೌಕಕ್ಕೂ ಒಂದು ಓರೆ ಗೆರೆ ಇದೆ. ಮೂರು ಸಲ ಬಿಚ್ಚಿದೆ. ಎಣಿಕೆ ತಪ್ಪಿಲ್ಲ, ಪಕ್ಕಾ.

ಮಲೆನಾಡಟಾಕಾ:
ಒಳಗೆ ಒಂದು ಲೈನಿಂಗ್ ಕೊಟ್ಟುಬಿಡಿ. ಉಲ್ಟಾ ಬದಿ ಯಾರಿಗೂ ಕಾಣುವುದಿಲ್ಲ. ನಾನು ಬ್ಲೌಸ್‌ಗಳಿಗೆ ಹಾಗೇ ಮಾಡುವುದು.

ಹೊಸಸೂಜಿ:
ಬ್ಲೌಸ್ ಆಗಿದ್ದರೆ ಮಾಡುತ್ತಿದ್ದೆ. ಇದು ಎಳೆ ಮಗುವಿನ ತಲೆಗೆ ಹಾಕುವುದು. ಎರಡು ಪದರ ಆದರೆ ಸೆಕೆ. ಅಲ್ಲದೆ ಎತ್ತಿಕೊಂಡಾಗ ಕುಂಚಿಗೆಯ ಅಂಚು ಮಗುಚಿ ಉಲ್ಟಾ ಬದಿ ಕಾಣುತ್ತಲೇ ಇರುತ್ತದೆ. ಎರಡೂ ಕಡೆ ಒಂದೇ ಥರ ಬರಬೇಕು ಅಂತಲೇ ಗವಂತಿ ಹಿಡಿದದ್ದು.

ಧಾರವಾಡದಎಳೆ:
ಚಲೋ ಕೆಲಸ ಹಿಡಿದಿದ್ದೀರಿ. ಲೈನಿಂಗ್ ಬೇಡವೇ ಬೇಡ. ಎರಡು ವಿಷಯ ಹೇಳ್ರಿ. ಮೊದಲ ಸುತ್ತು ಮುಗಿದ ಮೇಲೆ ಎರಡನೇ ಸುತ್ತನ್ನು ಯಾವ ದಿಕ್ಕಿನಲ್ಲಿ ಹಾಕುತ್ತೀರಿ? ಅದೇ ದಿಕ್ಕಿನಲ್ಲಾ, ತಿರುಗಿ ಬರುತ್ತೀರಾ? ಮತ್ತೆ, ನಿಮ್ಮ ಮುಕ್ಕೋನಕ್ಕೆ ಎಷ್ಟು ಹೊಲಿಗೆ, ಚೌಕಕ್ಕೆ ಎಷ್ಟು?

ಹೊಸಸೂಜಿ:
ಅದೇ ದಿಕ್ಕಿನಲ್ಲಿ, ಅಕ್ಕ. ಗಡಿಯಾರದ ಮುಳ್ಳಿನ ಹಾಗೆ ಎರಡು ಸುತ್ತು. ಮುಕ್ಕೋನಕ್ಕೆ ಮೂರು ಹೊಲಿಗೆ: ಒಂದು ಅಡ್ಡ, ಒಂದು ನೆಟ್ಟಗೆ, ಒಂದು ಓರೆ. ಚೌಕಕ್ಕೆ ನಾಲ್ಕು.

ಧಾರವಾಡದಎಳೆ:
ಸಿಕ್ಕಿತು ನೋಡ್ರಿ. ನಿಮ್ಮ ಎಣಿಕೆಯೂ ಸರಿ, ಹೊಲಿಗೆಯೂ ಸರಿ. ದಾರಿ ತಪ್ಪಿದೆ, ಅಷ್ಟೇ.

ಚೌಕದ ನಾಲ್ಕು ಗೆರೆಗಳಿಗೆ ಒಂದು, ಎರಡು, ಮೂರು, ನಾಲ್ಕು ಅಂತ ಹೆಸರಿಡಿ. ಮೊದಲ ಸುತ್ತಿನಲ್ಲಿ ಒಂದು ಮೇಲೆ, ಎರಡು ಕೆಳಗೆ, ಮೂರು ಮೇಲೆ, ನಾಲ್ಕು ಕೆಳಗೆ. ಶುರು ಮಾಡಿದ ಮೂಲೆಗೆ ಬಂದಿರಿ. ಸೂಜಿ ಈಗ ಬಟ್ಟೆಯ ಮೇಲಿದೆ. ಅದೇ ದಿಕ್ಕಿನಲ್ಲಿ ಹೊರಟರೆ ಒಂದನೇ ಗೆರೆ ಮತ್ತೆ ಮೇಲೆಯೇ ಬೀಳುತ್ತದೆ. ಹೊಲಿಗೆಯ ಮೇಲೆ ಹೊಲಿಗೆ. ಮುಕ್ಕೋನದಲ್ಲಿ ಹಾಗಾಗುವುದಿಲ್ಲ. ಒಂದು ಮೇಲೆ, ಎರಡು ಕೆಳಗೆ, ಮೂರು ಮೇಲೆ. ಮೂಲೆಗೆ ಬಂದಾಗ ಸೂಜಿ ಕೆಳಗಿದೆ. ಹಾಗಾಗಿ ಎರಡನೇ ಸುತ್ತಿನಲ್ಲಿ ತಾನಾಗೇ ಅದಲುಬದಲು ಆಗಿ ಖಾಲಿ ಜಾಗವೆಲ್ಲ ತುಂಬುತ್ತದೆ. ಬೆಸ ಸಂಖ್ಯೆಯಾದರೆ ಒಂದೇ ದಿಕ್ಕಿನಲ್ಲಿ ನಡೆಯುತ್ತದೆ, ಸಮ ಸಂಖ್ಯೆಯಾದರೆ ನಡೆಯುವುದಿಲ್ಲ.

ಪರಿಹಾರ ಸುಲಭ. ಸುತ್ತು ಮುಗಿದ ಮೂಲೆಯಲ್ಲಿ ಹಿಂದಕ್ಕೆ ತಿರುಗಿ. ನಾಲ್ಕನೇ ಗೆರೆಯನ್ನು ಹೋಗುವಾಗ ಕೆಳಗೆ ಹಾಕಿದ್ದಿರಿ, ಈಗ ಅದೇ ಗೆರೆಯಲ್ಲಿ ಮೇಲೆ ಬನ್ನಿ. ಮೂರು ಕೆಳಗೆ, ಎರಡು ಮೇಲೆ, ಒಂದು ಕೆಳಗೆ. ಮುಗಿಯಿತು. ನಮ್ಮ ಅಜ್ಜಿ ಹೇಳಿಕೊಟ್ಟದ್ದು ಹೀಗೆ: ತೇರು ಹೋದ ಬೀದಿಯಲ್ಲೇ ಹಿಂದಕ್ಕೆ ಬರಬೇಕು, ಬೇರೆ ಓಣಿ ಹಿಡಿಯಬಾರದು. ಹೀಗೆ ಬಂದರೆ ಮೂರಿರಲಿ, ನಾಲ್ಕಿರಲಿ, ನಲವತ್ತೊಂದಿರಲಿ, ಯಾವ ಆಕಾರವೂ ಕೈ ಕೊಡುವುದಿಲ್ಲ. ಪ್ರತಿ ಗೆರೆಯ ಮೇಲೂ ಸೂಜಿ ಎರಡು ಸಲ ಹೋಗುತ್ತದೆ, ಒಮ್ಮೆ ಮೇಲಿಂದ, ಒಮ್ಮೆ ಕೆಳಗಿಂದ.

ತುಳಸಿ ಕಟ್ಟೆಯಲ್ಲಿ ಕವಲು ಬರುತ್ತವೆ. ಅಲ್ಲಿ ಜಾಸ್ತಿ ಜನ ಸಿಕ್ಕಿಬೀಳುತ್ತಾರೆ. ನಡುವಿನ ನೆಟ್ಟನೆಯ ಗೆರೆಯನ್ನು ಕಾಂಡ ಅಂದುಕೊಳ್ಳಿ. ಅದರಲ್ಲಿ ಹತ್ತುತ್ತಾ ಹೋಗಿ. ಕವಲು ಸಿಕ್ಕ ಕೂಡಲೇ ಆ ಕವಲಿನ ತುದಿಗೆ ಹೋಗಿ ಬುಡಕ್ಕೆ ವಾಪಸ್ ಬನ್ನಿ. ಹೀಗೆ ಕವಲನ್ನು ಪೂರ್ತಿ ಮುಗಿಸಿಯೇ ಮುಂದಕ್ಕೆ ಹತ್ತಬೇಕು. ಕವಲಿನ ತುದಿಯಲ್ಲಿ ಚೌಕ ಇದ್ದರೆ ಆ ಚೌಕವನ್ನೂ ಸುತ್ತಿ, ತಿರುಗಿ ಸುತ್ತಿ, ಆಮೇಲೆ ಇಳಿಯಿರಿ. ಕಾಂಡದ ತುದಿ ಮುಟ್ಟಿದ ಮೇಲೆ ಇಳಿಯುವಾಗ ಕಾಂಡದ ಖಾಲಿ ಮನೆಗಳನ್ನು ಮಾತ್ರ ತುಂಬಬೇಕು, ಕವಲುಗಳ ಕಡೆ ನೋಡಬಾರದು. ‘ಇಳಿಯುವಾಗ ಮಾಡೋಣ’ ಅಂತ ಒಂದು ಕವಲು ಬಿಟ್ಟಿರೋ, ಯಾವುದು ಮುಗಿದಿದೆ ಯಾವುದಿಲ್ಲ ಅಂತ ನೆನಪಿಟ್ಟುಕೊಳ್ಳುವುದೇ ದೊಡ್ಡ ಕೆಲಸವಾಗುತ್ತದೆ.

ಸೂಜಿ ಹಿಡಿಯುವ ಮುಂಚೆ ಗ್ರಾಫ್ ಹಾಳೆಯ ಮೇಲೆ ಬರೆದುಕೊಂಡು ಪೆನ್ಸಿಲ್ ಎತ್ತದೆ ಒಂದು ಸಲ ಓಡಾಡಿ. ಹತ್ತು ನಿಮಿಷದ ಕೆಲಸ, ಎರಡು ದಿನದ ಬಿಚ್ಚಾಟ ಉಳಿಯುತ್ತದೆ.

ಮೈಲಾರದಕುಪ್ಪಸ:
ಧಾರವಾಡದ ಅಕ್ಕ ಹೇಳಿದ್ದು ಸರಿ. ಆದರೆ ನಾನು ಟೇಬಲ್ ಕ್ಲಾತಿನ ಅಂಚಿಗೆ ವರ್ಷಗಟ್ಟಲೆ ಒಂದೇ ದಿಕ್ಕಿನಲ್ಲೇ ಎರಡು ಸುತ್ತು ಹಾಕಿದ್ದೇನೆ, ಚೆನ್ನಾಗೇ ಬಂದಿದೆ. ಸುತ್ತು ಮುಗಿದ ಮೂಲೆಯಲ್ಲಿ ಬಟ್ಟೆಯ ಒಂದೇ ಒಂದು ಎಳೆ ಹಿಡಿದು ಸೂಜಿಯನ್ನು ಆಚೆ ಬದಿಗೆ ದಾಟಿಸಿಬಿಡುತ್ತೇನೆ. ಆಮೇಲೆ ಎಲ್ಲ ಅದಲುಬದಲಾಗುತ್ತದೆ. ಆ ಒಂದು ಎಳೆ ಕಣ್ಣಿಗೆ ಬೀಳುವುದಿಲ್ಲ.

ಧಾರವಾಡದಎಳೆ:
ಟೇಬಲ್ ಕ್ಲಾತಿಗೆ ಅದೇ ಒಳ್ಳೆಯದು, ಒಪ್ಪಿದೆ. ಅಷ್ಟು ಉದ್ದ ಹೋಗಿ ವಾಪಸ್ ಬರುವುದರೊಳಗೆ ದಾರ ನಾಲ್ಕು ಸಲ ಮುಗಿಯುತ್ತದೆ. ಹೇಗೂ ಹೊಸ ದಾರ ಹಾಕುವಾಗ ಆಚೆ ಬದಿಯಿಂದ ಶುರು ಮಾಡಿದರೂ ಆಯಿತು. ಆದರೆ ಕುಂಚಿಗೆಯ ಅಂಚಿನಲ್ಲಿ ಚಿಕ್ಕ ಚೌಕಗಳೇ ಮೂವತ್ತೋ ನಲವತ್ತೋ ಇರುತ್ತವೆ. ಪ್ರತಿಯೊಂದಕ್ಕೂ ಹೀಗೆ ದಾಟಿಸಿದರೆ ಮೂಲೆಗಳು ದಪ್ಪ ಆಗುತ್ತವೆ.

ಇನ್ನೊಂದು ಮಾತು ಹೊಸಸೂಜಿಯವರಿಗೆ. ಅಡ್ಡ ಮತ್ತು ನೆಟ್ಟನೆಯ ಹೊಲಿಗೆ ಮಾತ್ರ ಇರುವ ಸುತ್ತು ಎಷ್ಟೇ ದೊಡ್ಡದಿರಲಿ, ಎಷ್ಟೇ ಮೆಟ್ಟಿಲು ಮೆಟ್ಟಿಲಾಗಿರಲಿ, ಯಾವಾಗಲೂ ಸಮ ಸಂಖ್ಯೆಯೇ. ಬಲಕ್ಕೆ ಎಷ್ಟು ಹೆಜ್ಜೆ ಹೋದಿರೋ ಎಡಕ್ಕೆ ಅಷ್ಟೇ ಬರಬೇಕು. ಹತ್ತಿದಷ್ಟೇ ಇಳಿಯಬೇಕು. ಓರೆ ಹೊಲಿಗೆ ಬೆರೆತಾಗ ಮಾತ್ರ ಬೆಸ ಬರಬಹುದು. ನಿಮ್ಮ ಮುಕ್ಕೋನ ಸರಿ ಬಂದದ್ದು ಆ ಒಂದು ಓರೆ ಗೆರೆಯಿಂದ.

ಹೊಸಸೂಜಿ:
ಅಕ್ಕ, ಬಂತು! ನಿನ್ನೆ ಮ್ಯಾಟಿಯ ಮೇಲೆ ಹನ್ನೆರಡು ಚೌಕ ಹಾಕಿದೆ. ಬಟ್ಟೆ ತಿರುಗಿಸಿ ತಿರುಗಿಸಿ ನೋಡಿದೆ. ಎರಡೂ ಬದಿ ಒಂದೇ! ಕುಕ್ಕರ್ ಕೂಗಿದ್ದೂ ಕೇಳಿಸಲಿಲ್ಲ, ಅನ್ನ ಸ್ವಲ್ಪ ಮುದ್ದೆಯಾಯಿತು. ತುಳಸಿ ಕಟ್ಟೆಯನ್ನು ಗ್ರಾಫ್ ಹಾಳೆಯಲ್ಲಿ ಓಡಿಸಿ ನೋಡಿದ್ದೇನೆ, ಎಲ್ಲೂ ಸಿಕ್ಕಿಬೀಳಲಿಲ್ಲ.

ಇವತ್ತು ಕರಿ ಬಟ್ಟೆಗೆ ಕೈ ಹಾಕಿದೆ. ಎಳೆ ಎಣಿಸಲು ಆಗದಷ್ಟು ಸಣ್ಣ ನೇಯ್ಗೆ. ಅದಕ್ಕೆ ಮೇಲೆ 14ರ ಕ್ಯಾನ್ವಾಸ್ (ಮನೆ ಎಣಿಸಲು ಇಟ್ಟು, ಆಮೇಲೆ ಎಳೆ ಕಿತ್ತು ತೆಗೆಯುವ ಜಾಲರಿ ಬಟ್ಟೆ) ಇಟ್ಟು ಕಚ್ಚಾ ಹೊಲಿಗೆ ಹಾಕಿಕೊಂಡು ಹೊಲಿಯುತ್ತಿದ್ದೇನೆ. ಈಗ ಹೊಸ ತೊಂದರೆ. ಬಟ್ಟೆ ಅಲ್ಲಲ್ಲಿ ಸುಕ್ಕು ಹಿಡಿಯುತ್ತಿದೆ. ವಾಪಸ್ ಬರುವಾಗ ಗೆರೆ ನೆಟ್ಟಗೂ ಇಲ್ಲ, ಹಲ್ಲು ಹಲ್ಲಾಗಿದೆ.

ಧಾರವಾಡದಎಳೆ:
ಸುಕ್ಕಿಗೆ ನಾಲ್ಕೈದು ಕಾರಣ ಇರಬಹುದು. ನನ್ನ ಅನುಭವದಲ್ಲಿ ಹೆಚ್ಚಾಗಿ ಅದು ವಾಪಸ್ ಬರುವ ದಾರಿಯಲ್ಲೇ ಆಗುವುದು. ಹೋಗುವಾಗ ಕೈ ಹಗುರ ಇರುತ್ತದೆ. ಬರುವಾಗ ಖಾಲಿ ಜಾಗ ತುಂಬುವ ಖುಷಿಗೆ ದಾರ ಜಗ್ಗುತ್ತೇವೆ. ಐದಾರು ಹೊಲಿಗೆಗೆ ಒಮ್ಮೆ ನಿಲ್ಲಿಸಿ, ಹೆಬ್ಬೆರಳಿನಿಂದ ಗೆರೆಯ ಉದ್ದಕ್ಕೂ ಸವರಿ. ದಾರ ಬಟ್ಟೆಯ ಮೇಲೆ ಮಲಗಬೇಕು, ಬಟ್ಟೆಯನ್ನು ಹಿಡಿದೆಳೆಯಬಾರದು. ಕ್ಯಾನ್ವಾಸ್ ಇದ್ದಾಗ ಮಾತ್ರ ಒಂದು ಸೂಕ್ಷ್ಮ ಇದೆ. ಆಮೇಲೆ ಅದರ ಎಳೆ ಕಿತ್ತಾಗ ಹೊಲಿಗೆ ಕೂದಲಿನಷ್ಟು ಸಡಿಲ ಆಗುತ್ತದೆ. ಹಾಗಾಗಿ ತೀರಾ ಸಡಿಲವೂ ಬೇಡ. ಕ್ಯಾನ್ವಾಸಿನ ಎಳೆ ಬಾಗದಷ್ಟು ಬಿಗಿ ಇದ್ದರೆ ಸಾಕು.

ದಾರ ಉದ್ದ ತೆಗೆದುಕೊಳ್ಳುತ್ತಿದ್ದೀರಾ? ಒಂದು ಮೊಳ ಸಾಕು. ಲೆಕ್ಕ ಹೇಳುತ್ತೇನೆ. 14ರ ಕ್ಯಾನ್ವಾಸ್ ಅಂದರೆ ಇಂಚಿಗೆ 14 ಮನೆ. ಒಂದು ಮನೆ ಎರಡು ಮಿಲಿಮೀಟರಿಗಿಂತ ಸ್ವಲ್ಪ ಕಡಿಮೆ. ಹೋಗಿ ಬರಲು ಒಂದು ಮನೆಗೆ ನಾಲ್ಕು ಮಿಲಿಮೀಟರ್ ಹಿಡಿಯಿರಿ. ಮೊಳಕ್ಕೆ ಸುಮಾರು 45 ಸೆಂಟಿಮೀಟರ್. ಎರಡೂ ತುದಿಯ ಬಾಲಕ್ಕೆ 10 ಬಿಟ್ಟರೂ 80 ಮನೆಗೆ ಹತ್ತಿರ ಬರುತ್ತದೆ. ಓರೆ ಹೊಲಿಗೆ ಇದ್ದರೆ ಸ್ವಲ್ಪ ಕಡಿಮೆ. ಅದಕ್ಕಿಂತ ಉದ್ದ ದಾರ ಬಟ್ಟೆಯೊಳಗೆ ಓಡಾಡಿ ಓಡಾಡಿ ಜುಂಗು ಏಳುತ್ತದೆ. ಲಡಿಯ ಆರು ಎಳೆಯಲ್ಲಿ ಎರಡೇ ಎಳೆ ಹಾಕಿ.

ಹಲ್ಲು ಬರುವುದಕ್ಕೆ ಕಾರಣ ಸೂಜಿ ಏಳುವ ಜಾಗ. ವಾಪಸ್ ಬರುವಾಗ ಹಳೆಯ ಹೊಲಿಗೆಯ ತೂತಿಗೇ ಸೂಜಿ ಬರುತ್ತದಲ್ಲ, ಅಲ್ಲಿ ಪ್ರತಿ ಸಲ ಹಳೆಯ ಹೊಲಿಗೆಯ ಒಂದು ಪಕ್ಕದಿಂದ ಎದ್ದು, ಮುಂದಿನ ಹೊಲಿಗೆಯ ಇನ್ನೊಂದು ಪಕ್ಕಕ್ಕೆ ಇಳಿಯಬೇಕು. ಹೊಲಿಗೆಯ ಮೇಲ್ಪಕ್ಕದಿಂದ ಏಳುವುದಾದರೆ ಎಲ್ಲ ಕಡೆ ಮೇಲ್ಪಕ್ಕದಿಂದಲೇ, ಕೆಳಪಕ್ಕಕ್ಕೆ ಇಳಿಯುವುದಾದರೆ ಎಲ್ಲ ಕಡೆ ಕೆಳಪಕ್ಕಕ್ಕೇ. ಒಮ್ಮೆ ಹಾಗೆ, ಒಮ್ಮೆ ಹೀಗೆ ಮಾಡಿದರೆ ಗೆರೆ ಗರಗಸ ಆಗುತ್ತದೆ. ಮ್ಯಾಟಿಗೆ ಮೊಂಡು ಸೂಜಿ ಸರಿ. ನಿಮ್ಮ ಸಣ್ಣ ನೇಯ್ಗೆಯ ಬಟ್ಟೆಗೆ ಚೂಪು ಸೂಜಿಯೇ ಬೇಕು. ಅದಕ್ಕೇ ಜಾಗ್ರತೆ ಜಾಸ್ತಿ ಬೇಕು. ಹಳೆಯ ದಾರವನ್ನು ಸೀಳಬಾರದು. ಕ್ಯಾನ್ವಾಸಿನ ಎಳೆಯನ್ನೂ ಚುಚ್ಚಬಾರದು, ಚುಚ್ಚಿದರೆ ಆಮೇಲೆ ಕೀಳಲು ಬರುವುದಿಲ್ಲ.

ಕರಿ ಬಟ್ಟೆಗೆ ಹೊಲಿಯುವಾಗ ತೊಡೆಯ ಮೇಲೆ ಬಿಳಿ ಟವೆಲ್ ಹಾಸಿಕೊಳ್ಳಿ. ಕೆಳಗಿನ ಬಿಳುಪು ತೂತುಗಳಲ್ಲಿ ಹೊಳೆಯುತ್ತದೆ, ಕಣ್ಣಿಗೆ ಆಯಾಸ ಕಡಿಮೆ.

ಗಂಟು ಹಾಕುತ್ತಿಲ್ಲ ತಾನೇ? ಗವಂತಿ ಅನ್ನುವ ಹೆಸರೇ ಗಂಟಿನಿಂದ ಬಂತು ಅನ್ನುತ್ತಾರೆ, ಆದರೆ ಇದರಲ್ಲಿ ಗಂಟಿಗೆ ಜಾಗವೇ ಇಲ್ಲ. ಗಂಟು ಮಗುವಿನ ಎಳೆಯ ತಲೆಗೆ ಒತ್ತುತ್ತದೆ. ಎರಡು ಇಂಚು ಬಾಲ ಬಿಡಿ, ಕೊನೆಗೆ ಹಾಕಿದ ಹೊಲಿಗೆಗಳ ಅಡಿಯಲ್ಲೇ ಅದನ್ನು ನುಗ್ಗಿಸಿ ಕತ್ತರಿಸಿ.

ಹೊಸಸೂಜಿ:
ಗಂಟು ಹಾಕುತ್ತಿಲ್ಲ. ಟವೆಲ್ ಹಾಸಿದ ಮೇಲೆ ಎಣಿಸುವುದು ಎಷ್ಟೋ ಸಲೀಸಾಯಿತು. ಇನ್ನೊಂದೇ ಪ್ರಶ್ನೆ. ಮ್ಯಾಟಿಯ ಪ್ರಾಕ್ಟೀಸ್ ತುಂಡನ್ನು ಸುಮ್ನೆ ಒಗೆದು ನೋಡಿದೆ. ಕೆಂಪು ದಾರ ಬಣ್ಣ ಬಿಟ್ಟು ಪಕ್ಕದ ಬಿಳಿ ಹೊಲಿಗೆ ತಿಳಿ ಗುಲಾಬಿ ಆಗಿದೆ. ಇನ್ನೂ ಒದ್ದೆ ಇದೆ. ಇಸ್ತ್ರಿ ಮಾಡಲಾ?

ಮೈಲಾರದಕುಪ್ಪಸ:
ಬೇಡ ಬೇಡ! ಇಸ್ತ್ರಿ ಇಡಬೇಡಿ, ಒಣಗಲೂ ಬಿಡಬೇಡಿ. ಒಣಗಿದರೆ, ಬಿಸಿ ತಾಕಿದರೆ ಬಣ್ಣ ಕೂತುಬಿಡುತ್ತದೆ. ಈಗಲೇ ಬಕೆಟ್ ತುಂಬ ತಣ್ಣೀರಲ್ಲಿ ಮುಳುಗಿಸಿ. ನೀರು ಕೆಂಪಾದ ಹಾಗೆಲ್ಲ ಚೆಲ್ಲಿ ಹೊಸ ನೀರು ಹಾಕಿ. ಹಿಂಡಬೇಡಿ, ಮಡಚಬೇಡಿ. ನೀರು ತಿಳಿಯಾಗುವವರೆಗೆ ಇದನ್ನೇ ಮಾಡುತ್ತಿರಿ, ರಾತ್ರಿಯೆಲ್ಲ ಆದರೂ ಪರವಾಗಿಲ್ಲ. ಉಪ್ಪು, ವಿನೆಗರ್ ಹಾಕಿದರೆ ಬಣ್ಣ ನಿಲ್ಲುತ್ತದೆ ಅಂತ ಹೇಳುವವರಿದ್ದಾರೆ, ಈಗಿನ ದಾರಗಳ ಮಟ್ಟಿಗೆ ಅದನ್ನು ನಂಬಿ ಕೂರಬೇಡಿ.

ಕರಿ ಬಟ್ಟೆಯನ್ನು ಹೊಲಿಯುವ ಮುಂಚೆ ಒಗೆದಿದ್ದೀರಾ?

ಹೊಸಸೂಜಿ:
ಎರಡು ಸಲ ಒಗೆದಿದ್ದೆ, ಎರಡನೇ ನೀರಿನಲ್ಲಿ ಬಣ್ಣ ಬರಲಿಲ್ಲ. ಕೆಂಪು ದಾರವನ್ನು ಮಾತ್ರ ನೋಡಿರಲಿಲ್ಲ.

ಧಾರವಾಡದಎಳೆ:
ಹಾಗಾದರೆ ಕೆಂಪು ಲಡಿಯಿಂದ ಒಂದು ಗೇಣು ಕತ್ತರಿಸಿ, ಒದ್ದೆ ಬಿಳಿ ಬಟ್ಟೆಯಲ್ಲಿ ಸುತ್ತಿ ಅರ್ಧ ಗಂಟೆ ಇಡಿ. ಕಲೆ ಬಿದ್ದರೆ ಆ ಲಡಿ ಬೇಡ, ಬೇರೆ ತನ್ನಿ. ಕೂಸು ಅಂಚನ್ನು ಬಾಯಿಗೆ ಹಾಕಿಕೊಳ್ಳದೇ ಬಿಡುವುದಿಲ್ಲ.

ಹೊಸಸೂಜಿ:
ಹತ್ತು ದಿನ ಆಯಿತು. ಆ ಲಡಿ ಕಲೆ ಬಿಟ್ಟಿತು, ಬೇರೆ ಕೆಂಪು ತಂದೆ, ಅದು ಬಿಡಲಿಲ್ಲ. ಪ್ರಾಕ್ಟೀಸ್ ತುಂಡಿನ ಗುಲಾಬಿ ಆರನೇ ಬಕೆಟ್ ನೀರಿಗೆ ಹೋಯಿತು. ತುಳಸಿ ಕಟ್ಟೆ ಮುಗಿದಿದೆ, ಒಂದು ಗೋಪುರವೂ ಮುಗಿದಿದೆ. ಕ್ಯಾನ್ವಾಸ್ ಕೀಳಲು ಹೆದರಿಕೆಯಾಗಿತ್ತು. ಸ್ವಲ್ಪ ನೀರು ಚಿಮುಕಿಸಿ, ಚಿಮಟದಲ್ಲಿ ಮೊದಲು ಅಡ್ಡ ಎಳೆಗಳು, ಆಮೇಲೆ ನೆಟ್ಟನೆಯವು, ಒಂದೊಂದಾಗಿ ಎಳೆದೆ. ಎರಡು ಕಡೆ ಎಳೆಯನ್ನು ಚುಚ್ಚಿಬಿಟ್ಟಿದ್ದೆ. ಅಲ್ಲಿ ಸಣ್ಣ ಕತ್ತರಿಯಿಂದ ಕ್ಯಾನ್ವಾಸಿನ ಎಳೆ ಮಾತ್ರ ತುಂಡು ಮಾಡಿ ತೆಗೆದೆ.

ಉಲ್ಟಾ ಬದಿಯ ಫೋಟೋ ತಂಗಿಗೆ ಕಳಿಸಿದೆ. ‘ಮುಂದಿನದು ಚೆನ್ನಾಗಿದೆ, ಹಿಂದಿನದೂ ಕಳಿಸು’ ಅಂದಳು. ಇನ್ನೊಂದು ಗೋಪುರ, ಮೂವತ್ತಾರು ಚೌಕ ಬಾಕಿ ಇವೆ. ಅಂಚಿಗೆ ಗುಳೇದಗುಡ್ಡದ ಖಣದ ಪಟ್ಟಿ ಕೊಡುತ್ತೇನೆ. ಹಸಿರು ಖಣವಾ, ಕೆಂಪಾ ಅಂತ ಇನ್ನೂ ತೀರ್ಮಾನ ಮಾಡಿಲ್ಲ.

ಧಾರವಾಡದಎಳೆ:
ಹಸಿರು ಕೊಡ್ರಿ. ಕೆಂಪು ಒಳಗೆ ಇದೆಯಲ್ಲ. ಖಣವನ್ನೂ ಮೊದಲು ಒಂದು ಸಲ ನೀರಿಗೆ ಹಾಕಿ ನೋಡಿ.