ಸೇಫ್ಟಿ ರೇಜರ್, ಬ್ಲೇಡು, ಟ್ರಿಮ್ಮರ್: ಯಾವುದು ಕ್ಯಾಬಿನ್ ಬ್ಯಾಗಿಗೆ, ಯಾವುದು ಚೆಕ್-ಇನ್‌ಗೆ?

ಪ್ರಶ್ನೆ

ಎರಡು ವಾರದ ವಿದೇಶ ಪ್ರಯಾಣ. ಹೋಗುವಾಗ ಚೆಕ್-ಇನ್ ಬ್ಯಾಗು ಇದೆ, ಬರುವಾಗ ಕ್ಯಾಬಿನ್ ಬ್ಯಾಗು ಮಾತ್ರ. ನಡುವೆ ಒಂದು ಕಡೆ ವಿಮಾನ ಬದಲಿಸಬೇಕು. ಎರಡಂಚಿನ ಬ್ಲೇಡು ಹಾಕುವ ಲೋಹದ ರೇಜರ್, ಬ್ಲೇಡುಗಳು, ಗಡ್ಡದ ಟ್ರಿಮ್ಮರ್, ಶೇವಿಂಗ್ ಫೋಮು, ಆಫ್ಟರ್‌ಶೇವ್, ಚಿಕ್ಕ ಕತ್ತರಿ, ಪವರ್ ಬ್ಯಾಂಕ್, ಇನ್ಸುಲಿನ್ ಪೆನ್ನು ಇಷ್ಟನ್ನೂ ಒಯ್ಯಬೇಕು. ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ತಿಳಿದವರು ದಯವಿಟ್ಟು ತಿಳಿಸಿ.

ಉತ್ತರ 1

ಮೊದಲು ರೇಜರ್ ವಿಷಯ ಮುಗಿಸೋಣ, ಗೊಂದಲ ಹೆಚ್ಚಿರುವುದು ಅಲ್ಲೇ. ತಪಾಸಣೆಯವರಿಗೆ ಮುಖ್ಯವಾದದ್ದು ರೇಜರ್ ಅಲ್ಲ. ಬ್ಲೇಡು ಬಿಡಿಯಾಗಿ ಕೈಗೆ ಸಿಗುತ್ತದೆಯೇ ಇಲ್ಲವೇ ಎಂಬುದು. ಬಳಸಿ ಬಿಸಾಡುವ ರೇಜರ್‌ನಲ್ಲೂ ಕಾರ್ಟ್ರಿಡ್ಜ್ ರೇಜರ್‌ನಲ್ಲೂ ಬ್ಲೇಡು ಪ್ಲಾಸ್ಟಿಕ್ಕಿನೊಳಗೆ ಹುದುಗಿರುತ್ತದೆ, ಸುಲಭಕ್ಕೆ ಕೀಳಲಾಗದು. ಹಾಗಾಗಿ ಬಹುತೇಕ ಕಡೆ ಅವನ್ನೂ ಅವುಗಳ ಹೆಚ್ಚುವರಿ ಕಾರ್ಟ್ರಿಡ್ಜ್‌ಗಳನ್ನೂ ಕ್ಯಾಬಿನ್ನಿಗೆ ಬಿಡುತ್ತಾರೆ. ಎರಡಂಚಿನ ಬ್ಲೇಡನ್ನು ಬಿಡುವುದಿಲ್ಲ. ಪ್ಯಾಕು ಹೊಸದು, ಸೀಲು ಒಡೆದಿಲ್ಲ, ಒಂದೇ ಒಂದು ಇದೆ ಎಂಬ ಯಾವ ವಾದವೂ ನಡೆಯುವುದಿಲ್ಲ.

ಬ್ಲೇಡು ತೆಗೆದ ಖಾಲಿ ರೇಜರ್‌ನ ಮಾತು ಬೇರೆ. ಅಮೆರಿಕದ ವಿಮಾನ ನಿಲ್ದಾಣಗಳಲ್ಲಿ ತಪಾಸಣೆ ನಡೆಸುವ ಟಿಎಸ್ಎ ಸಂಸ್ಥೆಯ ನಿಯಮದಲ್ಲಿ ಅದು ಕ್ಯಾಬಿನ್ನಿಗೆ ಸಲ್ಲುತ್ತದೆ. ಆದರೂ ಕೊನೆಯ ತೀರ್ಮಾನ ಎದುರಿಗಿರುವ ಅಧಿಕಾರಿಯದು, ಎಲ್ಲ ದೇಶಗಳಲ್ಲೂ. ಕ್ಷೌರಿಕರ ಮಡಚುವ ಕತ್ತಿಯಂತೂ ಚೆಕ್-ಇನ್‌ಗೇ. ಬ್ಲೇಡು ಬದಲಿಸುವ ಬಗೆಯದಾದರೂ ಎಕ್ಸ್-ರೇಯಲ್ಲಿ ಚಾಕುವಿನ ಹಾಗೇ ಕಾಣುತ್ತದೆ, ಯಾಕೆ ಬೇಕು ಆ ತಂಟೆ?

ಚೆಕ್-ಇನ್‌ಗೆ ಹಾಕುವಾಗ: ರೇಜರ್ ಬಿಚ್ಚಿ, ಬ್ಲೇಡು ತೆಗೆದು, ತಲೆಯನ್ನು ತೊಳೆದು ಪೂರ್ತಿ ಒಣಗಿಸಿ. ಒದ್ದೆಯಾಗಿಯೇ ಡಬ್ಬಿಗೆ ಹಾಕಿ ಮುಚ್ಚಿದರೆ ತೇವ ಒಳಗೇ ಉಳಿದು ಬ್ಲೇಡಿನ ಅಂಚು ಕೆಡುತ್ತದೆ. ಬ್ಲೇಡಿನ ಅಂಚನ್ನು ಬಟ್ಟೆಯಿಂದ ಉಜ್ಜಬೇಡಿ, ಕೊಡವಿ ಗಾಳಿಗಿಡಿ, ಸಾಕು. ಹೊಸ ಬ್ಲೇಡುಗಳು ಅವುಗಳ ಪ್ಲಾಸ್ಟಿಕ್ ಡಬ್ಬಿಯಲ್ಲೇ ಇರಲಿ. ಹಲವು ಡಬ್ಬಿಗಳ ಹಿಂಬದಿಯಲ್ಲಿ ಹಳೆಯದನ್ನು ತೂರಿಸಲು ಸೀಳು ಇರುತ್ತದೆ. ಕಾಗದದ ಪ್ಯಾಕಾದರೆ ಗಟ್ಟಿ ಡಬ್ಬಿಯೊಳಗಿಟ್ಟು ಟೇಪು ಸುತ್ತಿ. ಚೆಕ್-ಇನ್ ಬ್ಯಾಗನ್ನೂ ತೆರೆದು ನೋಡುವುದುಂಟು, ಒಳಗೆ ಕೈ ಹಾಕುವವರಿಗೆ ಬ್ಲೇಡು ತಾಗಬಾರದು.

ಉತ್ತರ 2

ಮೇಲಿನದಕ್ಕೆ ಸೇರ್ಪಡೆ. ಖಾಲಿ ರೇಜರನ್ನು ಜೋಡಿಸಿಯೇ ಕ್ಯಾಬಿನ್ ಬ್ಯಾಗಿಗೆ ಹಾಕಿದರೆ ಬ್ಯಾಗು ತೆರೆಸುವ ಸಾಧ್ಯತೆ ಹೆಚ್ಚು. ಎರಡಂಚಿನ ಬ್ಲೇಡು ಬರೀ 0.1 ಮಿ.ಮೀ. ದಪ್ಪ. ಅದರ ಮೇಲೆ ಕೆಳಗೆ ದಪ್ಪ ಲೋಹ ಕೂತಾಗ ಒಳಗೆ ಬ್ಲೇಡು ಇದೆಯೋ ಇಲ್ಲವೋ ಪರದೆಯಲ್ಲಿ ಗೊತ್ತಾಗುವುದು ಕಷ್ಟ. ಮೂರು ತುಂಡಿನ ರೇಜರ್ ಆದರೆ ಮೂರನ್ನೂ ಬಿಚ್ಚಿ ಪಾರದರ್ಶಕ ಚೀಲದಲ್ಲಿ ಮೇಲ್ಗಡೆಯೇ ಇಡಿ. ಹಿಡಿ ತಿರುಗಿಸಿದರೆ ಬಾಗಿಲು ತೆರೆಯುವ ಬಗೆಯದಾದರೆ ಬಾಗಿಲು ತೆರೆದೇ ಇರಲಿ.

ಜನ ಸಿಕ್ಕಿಬೀಳುವುದು ರೇಜರ್‌ನಿಂದಲ್ಲ, ಶೇವಿಂಗ್ ಕಿಟ್ಟಿನ ಒಳಜೇಬಿನಲ್ಲಿ ಎಂದೋ ಉಳಿದ ಬಿಡಿ ಬ್ಲೇಡಿನಿಂದ. ಕಿಟ್ಟನ್ನು ಬುಡಮೇಲು ಮಾಡಿ ಕೊಡವಿ, ಜೇಬುಗಳ ಒಳಮೈ ಹೊರಗೆಳೆದು ನೋಡಿ. ಹುಬ್ಬು ತಿದ್ದುವ ಬ್ಲೇಡು, ಹೊಲಿಗೆ ಬಿಚ್ಚುವ ಕೊಕ್ಕೆ, ಕೀ ಗೊಂಚಲಿನ ಪುಟ್ಟ ಚಾಕು ಇವೂ ಹೀಗೆಯೇ ಮರೆತು ಉಳಿಯುವ ವಸ್ತುಗಳು.

ಕತ್ತರಿಗೆ ಅಳತೆ ಇದೆ, ಅದನ್ನು ನಡುವಿನ ಸ್ಕ್ರೂವಿನಿಂದ ತುದಿವರೆಗೆ ತೆಗೆಯುತ್ತಾರೆ. ಯುರೋಪಿಯನ್ ಒಕ್ಕೂಟ ಮತ್ತು ಬ್ರಿಟನ್‌ನಲ್ಲಿ 6 ಸೆಂ.ಮೀ. ಮೀರಬಾರದು, ಅಮೆರಿಕದಲ್ಲಿ 4 ಇಂಚಿಗಿಂತ ಕಡಿಮೆ ಇರಬೇಕು. ಇದಕ್ಕಿಂತ ಬಿಗಿ ಮಾಡುವ ಕಡೆಗಳೂ ಇವೆ. ಮೀಸೆ ಕತ್ತರಿ ಈ ಮಿತಿಯೊಳಗೇ ಬರುತ್ತದೆ, ಆದರೂ ಮೊಂಡು ತುದಿಯದಾದರೆ ಒಳ್ಳೆಯದು. ನೇಲ್ ಕಟರ್, ಟ್ವೀಜರ್‌ಗೆ ಸಾಮಾನ್ಯವಾಗಿ ತಕರಾರಿಲ್ಲ. ಚಾಕು ಜೋಡಿಸಿದ ನೇಲ್ ಕಟರ್ ಮಾತ್ರ ಬೇಡ.

ಉತ್ತರ 3

ಫೋಮು ಮತ್ತು ಆಫ್ಟರ್‌ಶೇವ್ ಬಗ್ಗೆ. ಲಂಡನ್ನಿನಿಂದ ಹೊರಡುವ ವಿಮಾನಗಳನ್ನು ದ್ರವ ಸ್ಫೋಟಕದಿಂದ ಉರುಳಿಸುವ ಸಂಚು 2006ರಲ್ಲಿ ಬಯಲಾದ ಮೇಲೆ ಬಂದದ್ದು 100 ಮಿ.ಲೀ. ನಿಯಮ. ಒಂದೊಂದು ಬಾಟಲಿಯೂ 100 ಮಿ.ಲೀ. ಒಳಗಿರಬೇಕು, ಎಲ್ಲವೂ ಒಂದು ಲೀಟರಿನ ಪಾರದರ್ಶಕ ಜಿಪ್ ಚೀಲದಲ್ಲಿ ಹಿಡಿಸಬೇಕು, ಒಬ್ಬರಿಗೆ ಒಂದೇ ಚೀಲ. ಲೆಕ್ಕಕ್ಕೆ ಬರುವುದು ಬಾಟಲಿಯ ಮೇಲೆ ಅಚ್ಚಾದ ಅಳತೆ. 200 ಮಿ.ಲೀ. ಫೋಮಿನ ಡಬ್ಬಿಯಲ್ಲಿ ತಳದಲ್ಲಿ ಒಂದಿಷ್ಟು ಉಳಿದಿದ್ದರೂ ಅದು 200 ಮಿ.ಲೀ. ಡಬ್ಬಿಯೇ. ಫೋಮು, ಜೆಲ್, ಕ್ರೀಮು, ಟೂತ್‌ಪೇಸ್ಟ್, ಟ್ರಿಮ್ಮರಿಗೆ ಬಿಡುವ ಎಣ್ಣೆ ಎಲ್ಲವೂ ದ್ರವವೇ.

ಗಟ್ಟಿ ಶೇವಿಂಗ್ ಸೋಪು ಮತ್ತು ಪಟಿಕದ ತುಂಡು ದ್ರವವಲ್ಲ. ಬರುವಾಗ ಕ್ಯಾಬಿನ್ ಬ್ಯಾಗು ಮಾತ್ರ ಎಂದಿದ್ದೀರಿ, ಹಾಗಿದ್ದರೆ ಫೋಮನ್ನು ಮನೆಯಲ್ಲೇ ಬಿಟ್ಟು ಸೋಪು, ಬ್ರಷ್ಷು ಒಯ್ಯಿರಿ. ಚೀಲದಲ್ಲಿ ಆಫ್ಟರ್‌ಶೇವಿಗೂ ಜಾಗ ಉಳಿಯುತ್ತದೆ.

ಚೆಕ್-ಇನ್‌ನಲ್ಲಿ ಫೋಮು, ಡಿಯೋಡರೆಂಟಿನಂಥ ಸ್ಪ್ರೇ ಡಬ್ಬಿ ಒಯ್ಯುವುದಾದರೆ ಒಂದೊಂದೂ ಅರ್ಧ ಲೀಟರ್ ಅಥವಾ ಅರ್ಧ ಕಿಲೋ ಮೀರಬಾರದು, ಸೌಂದರ್ಯ ಸಾಮಗ್ರಿ, ಔಷಧ ಎಲ್ಲ ಸೇರಿ ಒಬ್ಬರಿಗೆ 2 ಲೀಟರ್ ಅಥವಾ 2 ಕಿಲೋ. ಸ್ಪ್ರೇ ಗುಂಡಿಯ ಮೇಲೆ ಮುಚ್ಚಳ ಇರಲೇಬೇಕು, ಬಟ್ಟೆಯ ಒತ್ತಡಕ್ಕೆ ಗುಂಡಿ ಅದುಮಿದರೆ ಬ್ಯಾಗಿನೊಳಗೇ ಖಾಲಿಯಾಗುತ್ತದೆ.

ಸೋರುವಿಕೆ ಇನ್ನೊಂದು ಕಾಟ. ವಿಮಾನದೊಳಗಿನ ಒತ್ತಡ 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟಿರುತ್ತದೆ. ಬಾಟಲಿಯೊಳಗಿನ ಗಾಳಿ ಹಿಗ್ಗಿ ದ್ರವವನ್ನು ಮುಚ್ಚಳದತ್ತ ತಳ್ಳುತ್ತದೆ. ಮೆತ್ತನೆ ಬಾಟಲಿಯಾದರೆ ಹಿಸುಕಿ ಗಾಳಿ ಹೊರಹಾಕಿ ಮುಚ್ಚಿ. ಗಾಜಿನದಾದರೆ ಬಾಯಿಗೆ ತೆಳು ಪ್ಲಾಸ್ಟಿಕ್ ಹಾಳೆ ಇಟ್ಟು ಅದರ ಮೇಲೆ ಮುಚ್ಚಳ ತಿರುಗಿಸಿ, ನಿಲ್ಲಿಸಿಯೇ ಇಡಿ.

ಉತ್ತರ 4

ಬ್ಯಾಟರಿಯ ವಿಷಯದಲ್ಲಿ ಎಲ್ಲ ತಿರುವುಮುರುವು. ಬ್ಲೇಡು ಕ್ಯಾಬಿನ್ನಿಗೆ ಬೇಡ, ಪವರ್ ಬ್ಯಾಂಕ್ ಕ್ಯಾಬಿನ್ನಿಗೇ ಬೇಕು. ಲಿಥಿಯಂ ಬ್ಯಾಟರಿ ಹೊತ್ತಿಕೊಂಡರೆ ಕ್ಯಾಬಿನ್ನಿನಲ್ಲಿ ಯಾರಾದರೂ ನೋಡಿ ಆರಿಸಬಹುದು, ಕೆಳಗಿನ ಸಾಮಾನು ಕೋಣೆಯಲ್ಲಿ ಆಗುವುದಿಲ್ಲ. ಸಾಧನದಿಂದ ಹೊರಗಿರುವ ಬಿಡಿ ಲಿಥಿಯಂ ಬ್ಯಾಟರಿಗೂ ಇದೇ ನಿಯಮ. ಅದರ ಲೋಹದ ತುದಿಗಳಿಗೆ ಟೇಪು ಅಂಟಿಸಿ, ನಾಣ್ಯ, ಕೀಲಿಕೈ ತಾಗಿ ಶಾರ್ಟ್ ಆಗಬಾರದು.

ಲೆಕ್ಕ ಹಾಕುವುದು ವ್ಯಾಟ್-ಅವರ್‌ನಲ್ಲಿ. ಪವರ್ ಬ್ಯಾಂಕಿನ ಮೇಲೆ ಬರೆದಿರುವ ಎಂಎಎಚ್ (ಮಿಲಿ ಆಂಪಿಯರ್-ಅವರ್) ಅಂಕಿಯನ್ನು ಬ್ಯಾಟರಿಯ ವೋಲ್ಟಿನಿಂದ ಗುಣಿಸಿ 1,000ದಿಂದ ಭಾಗಿಸಿ. ಪವರ್ ಬ್ಯಾಂಕಿನದು ಸಾಮಾನ್ಯವಾಗಿ 3.7 ವೋಲ್ಟ್, ಹಾಗಾಗಿ 20,000 ಎಂಎಎಚ್ ಎಂದರೆ 74. ಯುಎಸ್‌ಬಿಯ 5 ವೋಲ್ಟಿನಿಂದ ಗುಣಿಸಿದರೆ 100 ಬಂದು ಸುಮ್ಮನೆ ಗಾಬರಿ. 100ರವರೆಗೆ ಅನುಮತಿ ಕೇಳಬೇಕಿಲ್ಲ, 100ರಿಂದ 160ಕ್ಕೆ ಏರ್‌ಲೈನಿನ ಒಪ್ಪಿಗೆ ಬೇಕು, 160 ಮೀರಿದ್ದಕ್ಕೆ ಅವಕಾಶವಿಲ್ಲ. ಮೈಮೇಲೆ ಅಚ್ಚಾದ ಅಂಕಿಗಳು ಅಳಿಸಿಹೋದ ಪವರ್ ಬ್ಯಾಂಕ್ ಒಯ್ಯಬೇಡಿ, ಓದಲಾಗದಿದ್ದರೆ ತೆಗೆದಿಟ್ಟುಕೊಳ್ಳುತ್ತಾರೆ. 2025ರಿಂದ ಕೆಲವು ಏರ್‌ಲೈನ್‌ಗಳು ಅದನ್ನು ವಿಮಾನದೊಳಗೆ ಬಳಸುವುದನ್ನೂ ತಲೆಯ ಮೇಲಿನ ಕಪಾಟಿನಲ್ಲಿ ಇಡುವುದನ್ನೂ ನಿಲ್ಲಿಸಿವೆ, ನಿಮ್ಮದರ ನಿಯಮ ನೋಡಿಕೊಳ್ಳಿ.

ಟ್ರಿಮ್ಮರ್ ಕ್ಯಾಬಿನ್ನಿಗೆ ಸರಿ. ಚೆಕ್-ಇನ್‌ಗೆ ಹಾಕಿದರೆ ಪೂರ್ತಿ ಆಫ್ ಮಾಡಿ ಟ್ರಾವೆಲ್ ಲಾಕ್ ಹಾಕಿ. ಲಾಕ್ ಇಲ್ಲದಿದ್ದರೆ ಸ್ವಿಚ್ಚಿನ ಮೇಲೆ ಏನೂ ಒತ್ತದಂತೆ ಗಟ್ಟಿ ಡಬ್ಬಿಯಲ್ಲಿಡಿ.

ವಿಮಾನ ತುಂಬಿದಾಗ ಗೇಟಿನಲ್ಲಿ ಕ್ಯಾಬಿನ್ ಬ್ಯಾಗನ್ನೇ ಕೇಳಿ ಕೆಳಗೆ ಹಾಕುತ್ತಾರೆ. ಆಗ ಪವರ್ ಬ್ಯಾಂಕ್, ಬಿಡಿ ಬ್ಯಾಟರಿ, ಔಷಧ ತೆಗೆದುಕೊಂಡೇ ಬ್ಯಾಗು ಕೊಡಬೇಕು. ಮೂರನ್ನೂ ಒಂದೇ ಪುಟ್ಟ ಚೀಲದಲ್ಲಿ ಇಟ್ಟಿದ್ದರೆ ಸಾಲಿನಲ್ಲಿ ನಿಂತು ತಡಕಾಡಬೇಕಿಲ್ಲ.

ಪ್ರಶ್ನೆ ಕೇಳಿದವರಿಂದ

ತುಂಬಾ ಉಪಕಾರವಾಯಿತು. ಬರುವಾಗ ಉಳಿದ ಬ್ಲೇಡುಗಳನ್ನು ಏನು ಮಾಡಲಿ? ವಿಮಾನ ಬದಲಿಸುವ ಕಡೆ ಮತ್ತೆ ತಪಾಸಣೆ ಇರುತ್ತದಾ?

ಉತ್ತರ 5

ಉಳಿಯದ ಹಾಗೆ ಒಯ್ಯಿರಿ ಸರ್. ಒಂದು ಬ್ಲೇಡು ಮೂರು ನಾಲ್ಕು ಶೇವಿಗೆ ಬರುತ್ತದೆ, ಎರಡು ವಾರಕ್ಕೆ ಐದರ ಒಂದು ಪ್ಯಾಕು ಧಾರಾಳ. ಹೊರಡುವ ಹಿಂದಿನ ರಾತ್ರಿಯೇ ಬ್ಲೇಡು ತೆಗೆದುಬಿಡಿ, ಬೆಳಗಿನ ಅವಸರದಲ್ಲಿ ರೇಜರಿನಲ್ಲೇ ಉಳಿದುಬಿಡುತ್ತದೆ. ಹಳೆಯವನ್ನು ಹಾಗೆಯೇ ಕಸದ ಬುಟ್ಟಿಗೆ ಎಸೆದರೆ ರೂಮು ಗುಡಿಸುವವರ ಕೈ ಕೊಯ್ಯುತ್ತದೆ. ದಪ್ಪ ರಟ್ಟಿನಲ್ಲಿ ಸುತ್ತಿ ಟೇಪು ಹಾಕಿ ಬಿಸಾಡಿ. ಖಾಲಿ ರೇಜರ್‌ಗೂ ಹೆದರಿಕೆಯಾದರೆ ಈ ಪ್ರಯಾಣಕ್ಕೆ ಕಾರ್ಟ್ರಿಡ್ಜ್ ರೇಜರ್ ಸಾಕು. ದುಬಾರಿ ರೇಜರ್ ಕಳೆದುಕೊಳ್ಳುವುದಕ್ಕಿಂತ ಅದು ವಾಸಿ. ಚೆಕ್-ಇನ್ ಇಲ್ಲದಾಗ ಹಿಂದಕ್ಕೆ ಹೋಗಿ ಹಾಕಿಬರುವ ದಾರಿಯೂ ಇರುವುದಿಲ್ಲ.

ವಿಮಾನ ಬದಲಿಸುವ ಕಡೆ ಬಹಳಷ್ಟು ಸಲ ಮತ್ತೆ ತಪಾಸಣೆ ಇದ್ದೇ ಇರುತ್ತದೆ, ಅಲ್ಲಿ ನಡೆಯುವುದು ಆ ದೇಶದ ನಿಯಮ. ಬ್ಯಾಗಿನ ಒಳಗನ್ನು ಎಲ್ಲ ಕೋನಗಳಿಂದ ತೋರಿಸುವ ಹೊಸ ಸಿಟಿ ಸ್ಕ್ಯಾನರ್ ಬಂದ ಕೆಲವು ನಿಲ್ದಾಣಗಳಲ್ಲಿ 100 ಮಿ.ಲೀ. ಮಿತಿ ಸಡಿಲವಾಗಿದೆ. ಅದನ್ನು ನಂಬಿ ದೊಡ್ಡ ಬಾಟಲಿ ಹಿಡಿದು ಹೊರಟರೆ ನಡುವಿನ ಹಳೇ ಸ್ಕ್ಯಾನರಿನ ಮುಂದೆ ಅದು ಹೋಗುತ್ತದೆ. ಮೂರೂ ನಿಲ್ದಾಣಗಳಲ್ಲಿ ಅತಿ ಬಿಗಿ ಯಾವುದೋ ಅದಕ್ಕೆ ತಕ್ಕಂತೆ ಕಟ್ಟಿ. ಡ್ಯೂಟಿ ಫ್ರೀಯಲ್ಲಿ ಕೊಂಡ ಸೆಂಟನ್ನು ಸೀಲು ಮಾಡಿದ ಚೀಲದಲ್ಲೇ, ರಸೀದಿ ಕಾಣುವಂತೆ, ಕೊನೆಯ ನಿಲ್ದಾಣದವರೆಗೂ ಒಡೆಯದೆ ಇಡಿ.

ಉತ್ತರ 6

ಇನ್ಸುಲಿನ್ ಬಗ್ಗೆ ಯಾರೂ ವಿವರವಾಗಿ ಹೇಳಿಲ್ಲ. ಚೆಕ್-ಇನ್‌ಗೆ ಹಾಕಲೇಬೇಡಿ, ಕೆಳಗಿನ ಕೋಣೆಯ ಚಳಿಗೆ ಹೆಪ್ಪುಗಟ್ಟಬಹುದು, ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಬಳಕೆಗೆ ಬಾರದು. ಬ್ಯಾಗು ತಡವಾದರೆ ಇನ್ನೂ ಕಷ್ಟ. ಪೆನ್ನು, ಸೂಜಿಗಳು ಫಾರ್ಮಸಿ ಲೇಬಲ್ ಇರುವ ಡಬ್ಬಿಯಲ್ಲೇ ಇರಲಿ. ಜೊತೆಗೆ ನಿಮ್ಮ ಪಾಸ್‌ಪೋರ್ಟಿನಲ್ಲಿರುವ ಹೆಸರಿನಲ್ಲೇ ವೈದ್ಯರ ಪತ್ರ ಬೇಕು, ಅದರಲ್ಲಿ ಔಷಧದ ಮೂಲ ಹೆಸರು (ಬ್ರ್ಯಾಂಡಿನ ಹೆಸರಲ್ಲ) ಮತ್ತು ಸೂಜಿ ಅಗತ್ಯ ಎಂಬ ಮಾತು ಇರಲಿ. ಪ್ರಯಾಣಕ್ಕೆ ಬೇಕಾದ ಔಷಧಕ್ಕೆ 100 ಮಿ.ಲೀ. ಮಿತಿ ಇಲ್ಲ, ಆದರೆ ಟ್ರೇಗೆ ಇಡುವ ಮೊದಲೇ ಬಾಯಿಬಿಟ್ಟು ಹೇಳಿ. ತಂಪಿಡುವ ಜೆಲ್ ಪ್ಯಾಕನ್ನು ಇನ್ಸುಲಿನ್ನಿಗೆ ನೇರ ತಾಗಿಸದೆ ನಡುವೆ ಬಟ್ಟೆ ಇಡಿ. ಬಳಸಿದ ಸೂಜಿಗೆ ತಿರುಗಿಸಿ ಮುಚ್ಚುವ ಗಟ್ಟಿ ಪ್ಲಾಸ್ಟಿಕ್ ಡಬ್ಬಿ ಬೇರೆಯೇ ಇರಲಿ.